ಹೋಗಿ ಬರ್ತೀನಿ ಎನ್ನದ ಕೈದಿ

ನಮ್ಮೂರಿನಲ್ಲಿ ಯಾರಾದರೂ ಒಂದು ಹೊಸ್ತಿಲಿನಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಅಂದರೆ ಮುಗಿಯಿತು, ಹೊತ್ತು ಮುಳುಗುತ್ತಿದ್ದ ಹಾಗೆ ಅವರ ಕಾಲು ತಾನಾಗಿ ತಿರುಗುತ್ತದೆ. ಎಷ್ಟು ದೂರದಲ್ಲಿದ್ದರೂ ಸರಿ, ಆ ಹೊಸ್ತಿಲು ಮುಟ್ಟುವ ತನಕ ನಿಲ್ಲುವುದಿಲ್ಲ. ತಿರುಗಿದ ಕಾಲು ಗಾಡಿ ಹತ್ತುವುದಿಲ್ಲ, ಗೋಡೆಗೂ ಬಗ್ಗುವುದಿಲ್ಲ. ನಮ್ಮ ಓಣಿಯ ಸಂಗಪ್ಪನನ್ನು ಅವನ ಭಾವಮೈದುನರು ಒಂದು ಸಂಜೆ ತಮಾಷೆಗೆಂದು ಕೋಣೆಯಲ್ಲಿ ಕೂಡಿ ಹಾಕಿದ್ದರು. ಅವನು ಆ ಕೋಣೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕೊರಳಿಗೆ ಹಾಕಿಕೊಂಡು ಮನೆಗೆ ಬಂದ. ಬೇರೆ ಊರುಗಳಲ್ಲಿಯೂ ಜನ ಈ ಮಾತು ಆಡುತ್ತಾರಂತೆ, ಆಡಿ ಹೋದವರು ವರ್ಷಗಟ್ಟಲೆ ಬರುವುದಿಲ್ಲವಂತೆ. ಬರದವರು ಹಾಗೆ ಯಾಕಾದರೂ ಅಂದರು ಎಂದು ನಮ್ಮವ್ವ ಇವತ್ತಿಗೂ ಕೇಳುತ್ತಾಳೆ.

ನಮಗೆ ಇದೆಲ್ಲ ರೂಢಿ. ಮದುವೆಯಾಗಿ ಗಂಡನ ಮನೆಗೆ ಹೊರಟ ಹುಡುಗಿಯ ಬಾಯಿಗೆ ಬೀಗರ ಕಡೆಯ ಹೆಂಗಸರು ದೊಡ್ಡದೊಂದು ಬುಂದೆ ಉಂಡೆ ತುರುಕುತ್ತಾರೆ. ಅದನ್ನು ಅವಳು ನುಂಗಿ ಮುಗಿಸುವುದರೊಳಗೆ ಗಾಡಿ ಊರ ಗಡಿಕಲ್ಲು ದಾಟಿರಬೇಕು. ಬೇಡದ ನೆಂಟರು ಎದ್ದು ನಿಂತರೆ ಮನೆಯವರು “ಮಾತು ಯಾಕ, ಸುಮ್ನ ನಡೀರಿ” ಎಂದು ಬೆನ್ನಿಗೆ ಕೈ ಹಚ್ಚಿ ಕಳಿಸುತ್ತಾರೆ. ಬೇಕಾದ ನೆಂಟರಾದರೆ ಆ ಮಾತು ಬಾಯಿಂದ ಬೀಳುವ ತನಕ ಅವರ ಚಪ್ಪಲಿಯನ್ನೇ ಕೊಡುವುದಿಲ್ಲ. ಪರವೂರಿನ ಪಾತ್ರೆ ವ್ಯಾಪಾರಿಯೊಬ್ಬ ಪಾಪ, ವಿನಯದ ಮನುಷ್ಯ, ಮನೆಮನೆಗೂ ಹೇಳಿಬಿಟ್ಟಿದ್ದ. ಅವನು ಆ ಸಂಜೆ ತಲೆಯ ಮೇಲೆ ಹಂಡೆ ಹೊತ್ತು ಊರೆಲ್ಲ ಓಡಾಡಿದ್ದನ್ನು ನೆನೆದರೆ ನನಗೆ ಈಗಲೂ ಅಯ್ಯೋ ಅನ್ನಿಸುತ್ತದೆ. ಸತ್ತವರ ಮನೆಯಿಂದ ಮಾತ್ರ ನಾವು ಏನೂ ಹೇಳದೆ ಎದ್ದು ಬರುತ್ತೇವೆ.

ಇಂಥ ಊರಿಗೆ ಮಿಲಿಟರಿಯವರು ಜೈಲು ತಂದರು. ಎಲ್ಲೋ ಮೇಲಿನವರಿಗೂ ಕೆಳಗಿನವರಿಗೂ ಯುದ್ಧ ನಡೆದಿತ್ತು. ಯಾರು ಮೇಲಿನವರು, ಯಾರು ಕೆಳಗಿನವರು ಎಂಬುದು ನಮಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಹಳೆಯ ಉಪ್ಪಿನ ಕೊಠಾರಕ್ಕೆ ಕಬ್ಬಿಣದ ಬಾಗಿಲು ಬಂತು, ತೆಂಗಿನಕಾಯಿ ಗಾತ್ರದ ಬೀಗಗಳು ಬಂದವು, ಲಾರಿ ತುಂಬ ಕೈದಿಗಳು ಬಂದರು. ಊರಿನ ಕೆಲವರಿಗೆ ಖಾಕಿ ಅಂಗಿ ಕೊಟ್ಟು ಕಾವಲಿಗೆ ನಿಲ್ಲಿಸಿದರು. ಅವರಲ್ಲಿ ನಾನೊಬ್ಬ, ಗುರುಪಾದ.

ಬೀಗಗಳ ಕೆಲಸ ಬಹಳ ದಿನ ನಡೆಯಲಿಲ್ಲ. ಕೈದಿಗಳನ್ನು ಕೂಡಿ ಹಾಕಿದರೆ ಅವರಿಗೆ ನೀರು ಹೊರಬೇಕು, ಅನ್ನ ಬೇಯಿಸಬೇಕು, ಅವರ ಜಗಳ ಬಿಡಿಸಬೇಕು. ಬಿಟ್ಟರೆ ಯಾವ ರಗಳೆಯೂ ಇಲ್ಲ. ಬೆಳಿಗ್ಗೆ ಬಾಗಿಲ ಹತ್ತಿರ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿಂದಲೂ “ಹೋಗಿ ಬರ್ತೀನ್ರಿ” ಅನ್ನಿಸಿ ಹೊರಗೆ ಬಿಡುತ್ತಿದ್ದೆವು. ಒಬ್ಬ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದ, ಒಬ್ಬ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದ, ಕೆಳಗಿನವರ ಫಿರಂಗಿ ಹಾರಿಸುತ್ತಿದ್ದವನೊಬ್ಬ ಚಾವಡಿ ಕಟ್ಟೆಯ ಮೇಲೆ ಊರಿನವರ ಗಡ್ಡ ಹೆರೆಯುತ್ತಿದ್ದ. ಹೊತ್ತು ಮುಳುಗಿದರೆ ಎಲ್ಲರೂ ಮೇವಿಗೆ ಹೋದ ದನಗಳ ಹಾಗೆ ತಾವಾಗಿಯೇ ಬಾಗಿಲಿಗೆ ಬರುತ್ತಿದ್ದರು. ನಾವು ಕಾವಲಿನವರು ಬಂದೂಕುಗಳನ್ನು ಗೋಡೆಗೆ ಒರಗಿಸಿ ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುತ್ತಿದ್ದೆವು. ಒಬ್ಬ ಕೈದಿಯೂ ತಪ್ಪಿಸಿಕೊಳ್ಳದ ಜೈಲು ಎಂದು ಮೇಲಿನಿಂದ ನಮಗೆ ಹೊಗಳಿಕೆ ಬಂತು. ನಾವು ನಾಚಿಕೆಯಿಲ್ಲದೆ ಸ್ವೀಕರಿಸಿದೆವು.

ಆಮೇಲೆ ಬಂದವರು ಕ್ಯಾಪ್ಟನ್ ವಿಶ್ವಂಭರ. ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದು, ಅಂಥ ಶಿಸ್ತಿನ ಮನುಷ್ಯ. ಬಂದ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಿದರು. ನಾವು ತಲೆಯಾಡಿಸಿದೆವು. ಮರುವಾರ ರಜೆಯ ಮೇಲೆ ಹೊರಟಾಗ, ಒಳ್ಳೆಯ ಮನೆತನದವರಲ್ಲವೇ, ಅಡಿಗೆಯವನಿಗೆ “ಹೋಗಿ ಬರ್ತೀನಪ್ಪ” ಅಂದರು. ನಾವು ಯಾರೂ ಎಚ್ಚರಿಸಲಿಲ್ಲ. ಅವರು ರೈಲಿನಿಂದ ಇಳಿದು, ಹೊಲ ಹಳ್ಳ ದಾಟಿ, ಅಡಿಗೆಮನೆಯ ಹೊಸ್ತಿಲಿಗೆ ಬಂದು ಮುಟ್ಟಿದಾಗ ಕೈಯಲ್ಲಿ ರೈಲಿನ ಬಾಗಿಲಿನ ಚಿಲಕ ಇತ್ತು. ಅಂದಿನಿಂದ ಊರಿನ ನೇಮವನ್ನು ಅವರಷ್ಟು ನಂಬಿದವರು ಇನ್ನೊಬ್ಬರಿಲ್ಲ. ಬೆಳಗಿನ ಸಾಲಿಗೆ ಅವರೇ ಬಂದು ನಿಂತು, ಯಾವ ಕೈದಿ ಎಷ್ಟು ಸ್ಪಷ್ಟವಾಗಿ ಹೇಳಿದ ಎಂದು ಕಿವಿಗೊಟ್ಟು ಕೇಳುತ್ತಿದ್ದರು.

ಎಲ್ಲರೂ ಹೇಳುತ್ತಿದ್ದರು, ಹುಲುಗಪ್ಪ ಒಬ್ಬನನ್ನು ಬಿಟ್ಟು. ಅವನು ಹೊಳೆಯ ದಂಡೆಯ ಊರಿನ ಅಂಬಿಗ, ಹರಿಗೋಲಿನಲ್ಲಿ ಜನರನ್ನು ದಾಟಿಸುವವನು. ಒಂದು ದಿನ ಕೆಳಗಿನವರ ಕಡೆಯ ಒಂದಿಷ್ಟು ಜನರನ್ನು ದಾಟಿಸಿದ ಎಂಬುದು ಅವನ ಅಪರಾಧ. ಅವರ ಹೆಸರೇನು, ಎಲ್ಲಿ ಇಳಿಸಿದೆ ಎಂದು ಕ್ಯಾಪ್ಟನ್ನರು ದಿನವೂ ಕೇಳುವರು. ಅವನು ದಿನವೂ ಅಷ್ಟೇ ಸಾವಧಾನದಿಂದ, “ಹೆಸರು ಕೇಳಿ ಹರಿಗೋಲು ಹತ್ತಿಸ್ಕೋತಾರೇನ್ರೀ ಸಾಹೇಬ್ರ? ಎಲ್ಲಿ ಇಳಿಸ್ತಾರ, ದಂಡ್ಯಾಗ ಇಳಿಸ್ತಾರ” ಅನ್ನುವನು. ಬೆಳಗಿನ ಸಾಲಿನಲ್ಲಿ ಮಾತ್ರ ತುಟಿ ಎರಡು ಮಾಡುತ್ತಿರಲಿಲ್ಲ. ಹೀಗಾಗಿ ಅವನೊಬ್ಬನೇ ಒಳಗೆ ಉಳಿಯುವವನು, ಅವನನ್ನು ಕಾಯಲು ನಾನೊಬ್ಬನೇ ಎಚ್ಚರ ಇರುವವನು. ಮೊದಮೊದಲು ಅವನ ಮೇಲೆ ನನಗೆ ಕೆಂಡದಂಥ ಸಿಟ್ಟು. ಆಮೇಲೆ ನೆಲದ ಮೇಲೆ ಇದ್ದಿಲಿನಿಂದ ಮನೆ ಬರೆದು ಇಬ್ಬರೂ ಚೌಕಾಬಾರ ಆಡತೊಡಗಿದೆವು. ಆಟದಲ್ಲಿ ಅವನು ರಾಜಾರೋಷವಾಗಿ ಮೋಸ ಮಾಡುತ್ತಿದ್ದ. ಹಿಡಿದರೆ, “ನೋಡ್ತೀಯೋ ಇಲ್ಲೋ ಅಂತ ನೋಡಿದ್ನೆಪಾ, ನೀ ಚಲೋ ಕಾವಲುಗಾರ” ಎಂದು ನನ್ನನ್ನೇ ಹೊಗಳುತ್ತಿದ್ದ.

ಒಂದು ದಿನ ಕೇಳಿಯೇಬಿಟ್ಟೆ. “ಅಲ್ಲೋ ಮಾರಾಯ, ಒಂದು ಮಾತು ಅಂದ್ರ ಬಾಯಿ ಏನು ಸವೀತೈತೇನು? ಹೊರಗ ಗಾಳಿ ಐತಿ, ಬಿಸಲೈತಿ, ಚಾದಂಗಡಿ ಐತಿ.”

ಅವನು ಕೈಯಲ್ಲಿದ್ದ ಕವಡೆಗಳನ್ನು ಕೆಳಗಿಟ್ಟ. “ಅವತ್ತು ಇವರು ಹಿಡ್ಕೊಂಡು ಬರೂ ಮುಂದ ನೀಲವ್ವ ಬಾಗಲದಾಗ ನಿಂತಿದ್ಲು. ಅಕಿಗೆ ಹೋಗಿ ಬರ್ತೀನಿ ಅಂದು ಬಂದೀನಿ. ಅಕಿಗೆ ಕೊಟ್ಟ ಮಾತು ಇನ್ನೂ ತೀರಿಲ್ಲ. ಅದು ತೀರೂತನಕ ಅದೇ ಮಾತು ಒಯ್ದು ಈ ಕಬ್ಬಿಣದ ಬಾಗಲಕ್ಕ ಹೆಂಗ ಕೊಡ್ಲಿ?”

“ನಿಮ್ಮೂರಾಗ ಆ ಮಾತಿಗೆ ಬಲ ಇಲ್ಲಲ್ಲೋ.”

“ಬಲ ಇಲ್ಲಂತನ ನಾನು ಹಿಡ್ಕೊಂಡು ಕುಂತೀನಿ,” ಅಂದ.

ಮನಸ್ಸಿನಲ್ಲಿದ್ದದ್ದನ್ನು ತೋರಿಸಿಕೊಳ್ಳದೆ ನಾನು ಅವನ ಒಂದು ಕಾಯಿ ಹೊಡೆದೆ. ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮರುದಿನದಿಂದ ನನ್ನ ಬುತ್ತಿಯಲ್ಲಿ ಅವನಿಗೂ ರೊಟ್ಟಿ ಕಟ್ಟಿದಳು. ಪಲ್ಯ ಮಾತ್ರ ಅವನಿಗೇ ಹೆಚ್ಚು. ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನು, ಅದನ್ನೂ ಸಹಿಸಿಕೊಂಡೆ.

ಹೀಗಿರುವಾಗ ಕೋಟೆಯಿಂದ ವೈರ್‌ಲೆಸ್ಸಿನಲ್ಲಿ ಹುಕುಂ ಬಂತು. ಅಂಬಿಗನನ್ನು ನಾಳೆಯೇ ಕಳಿಸಿ, ನಾವು ಬಾಯಿ ಬಿಡಿಸುತ್ತೇವೆ. ಕೋಟೆ ಹೊಳೆಯ ಆಚೆ ದಂಡೆಯಲ್ಲಿತ್ತು. ಅಲ್ಲಿಗೆ ಹೋದವರ ಸುದ್ದಿಯೂ ತಿರುಗಿ ಬರುತ್ತಿರಲಿಲ್ಲ. ಕ್ಯಾಪ್ಟನ್ನರು ನನ್ನನ್ನು ಕರೆದು, ಕರೆದೊಯ್ಯುವವನು ನೀನೇ ಅಂದರು. ಅವರ ಮುಖವೂ ಬಾಡಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ, ಅವರು ಕೆಟ್ಟವರಲ್ಲ, ಬರೀ ಶಿಸ್ತಿನವರು. ಆದರೆ ಹುಕುಂ ಬಂದ ಮೇಲೆ ಅವರ ತಲೆ ಗಡಿಯಾರದ ಹಾಗೆ ಓಡುತ್ತಿತ್ತು.

“ಇಷ್ಟು ದಿನ ಹೇಳದವನು ಹೊರಡುವಾಗ ಹೇಳಿಬಿಟ್ಟರೆ ಕೆಲಸ ಕೆಟ್ಟಿತು. ಗಡಿಕಲ್ಲು ದಾಟುವ ತನಕ ಬಾಯಿಗೆ ಬಟ್ಟೆ ಕಟ್ಟಿರಬೇಕು. ನಿನ್ನ ಕೈಗೂ ಅವನ ಕೈಗೂ ಕೂಡಿಸಿ ಬೇಡಿ ಹಾಕುತ್ತೇನೆ. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಕೋಟೆಯಲ್ಲಿ. ನಡುವೆ ಯಾರೂ ಬಿಡಿಸುವ ಹಾಗಿಲ್ಲ. ಏನಾದರೂ ಉಳಿಯಿತೇನೋ?”

“ಇಲ್ರಿ ಸಾಹೇಬ್ರ,” ಅಂದೆ. ಉಳಿದಿತ್ತು. ಕೈದಿಯ ಬಾಯಿಯ ಬಗ್ಗೆ ಅಷ್ಟೆಲ್ಲ ಯೋಚಿಸಿದವರು ಕಾವಲುಗಾರನ ಬಾಯಿಯ ಬಗ್ಗೆ ಯೋಚಿಸಿರಲಿಲ್ಲ.

ದೂರದ ಕೆಲಸಕ್ಕೆ ಹೊರಡುವ ಕಾವಲಿನವರು ಮನೆಯಲ್ಲಿ ಏನೂ ಹೇಳದೆ ಹೊರಡಬೇಕು, ಅದು ಮೊದಲಿನಿಂದ ಬಂದ ಕಟ್ಟಳೆ. ಮರುದಿನ ಅವ್ವ ರೊಟ್ಟಿಯ ಗಂಟು ಕೊಟ್ಟು ಮುಖ ಆಚೆ ತಿರುಗಿಸಿ ನಿಂತಳು. ನಾನು ಹೊಸ್ತಿಲ ಮೇಲೆ ನಿಂತೆ. ಹೆಚ್ಚೆಂದರೆ ನನ್ನನ್ನೂ ಒಳಗೆ ಹಾಕುತ್ತಾರೆ, ಒಳಗಿನವರ ಸುಖ ನಾನು ನೋಡಿಲ್ಲವೇ ಎಂದು ಧೈರ್ಯ ತಂದುಕೊಂಡೆ.

“ಅವ್ವಾ, ಹೋಗಿ ಬರ್ತೀನಿ.”

ಅವಳು ಥಟ್ಟನೆ ತಿರುಗಿದಳು. ನನ್ನ ಮುಖ ನೋಡಿದಳು, ನನ್ನ ಬಲಗೈ ನೋಡಿದಳು, ಆ ಕೈಗೆ ಇನ್ನೊಂದು ಗಳಿಗೆಯಲ್ಲಿ ಯಾರು ಅಂಟಿಕೊಳ್ಳುತ್ತಾರೆ ಎಂಬುದು ಅವಳಿಗೆ ಹೊಳೆಯಿತು. ಒಳಗೆ ಓಡಿ ಇನ್ನೊಂದಿಷ್ಟು ರೊಟ್ಟಿ ತಂದು ಗಂಟಿಗೆ ತುಂಬಿ, “ಹೂಂ. ಬರ್ರಿ,” ಅಂದಳು. ಒಬ್ಬ ಮಗನಿಗೆ ಅವಳು ಬಹುವಚನ ಬಳಸಿದ್ದು ಅದೇ ಮೊದಲು.

ಇನ್ನು ಎಲ್ಲವೂ ಸೂರ್ಯನ ಕೈಯಲ್ಲಿತ್ತು. ಕೋಟೆ ತಲುಪುವ ಮೊದಲು ಹೊತ್ತು ಮುಳುಗಿದರೆ ನನ್ನ ಕಾಲು ಹುಲುಗಪ್ಪನನ್ನೂ ಎಳೆದು ತರುತ್ತದೆ. ತಲುಪಿದ ಮೇಲೆ ಮುಳುಗಿದರೆ ಅಲ್ಲಿಯ ಕೀಲಿ ನಮ್ಮಿಬ್ಬರನ್ನು ಬೇರೆ ಮಾಡಿರುತ್ತದೆ, ನಾನೊಬ್ಬನೇ ತಿರುಗಿ ಬರಬೇಕು. ಜೀಪು ಊಟದ ಹೊತ್ತಿಗೆ ಹೊರಟಿತು. ಡ್ರೈವರ್ ಮರಿಸ್ವಾಮಿ ಪರಸ್ಥಳದವನು, ನಮ್ಮೂರಿನ ನೇಮ ಅವನಿಗೆ ಗೊತ್ತಿಲ್ಲ. “ಸಂಜೆ ಆಗೋದ್ರೊಳಗೆ ಕೋಟೇಲಿ ಕಾಫಿ ಕುಡೀತೀವಿ ನೋಡ್ತಿರಿ,” ಅಂದ. ನಾನು ತಲೆಯೆತ್ತಿ ಸೂರ್ಯನನ್ನು ನೋಡಿದೆ.

ಗಡಿಕಲ್ಲು ದಾಟಿದ ಮೇಲೆ ಹುಲುಗಪ್ಪನ ಬಾಯಿಯ ಬಟ್ಟೆ ಬಿಚ್ಚಿದೆ. ಅವನು ಗುಡ್ಡಗಳನ್ನು ನೋಡುತ್ತ ಕುಳಿತ. ನಾನು ನನ್ನಿಂದಾದ ಅಡ್ಡಗಾಲು ಹಾಕಿದೆ. ಚಹ ಬೇಕು ಅಂದೆ. ಹೊಟ್ಟೆ ನೋಯುತ್ತದೆ ಎಂದು ಗಿಡದ ಮರೆಗೆ ಹೋದೆ. ಬೇಡಿ ಇದ್ದದ್ದರಿಂದ ಹುಲುಗಪ್ಪನೂ ಬಂದು ಪಾಪ ಆ ಕಡೆ ಮುಖ ಮಾಡಿ ನಿಂತ. ಮತ್ತೆ ಹೊಟ್ಟೆ ನೋಯುತ್ತದೆ ಅಂದೆ. ಮರಿಸ್ವಾಮಿ, “ಏನ್ ತಿಂದು ಬಂದ್ಯಪ್ಪಾ ಮನೇಲಿ?” ಎಂದು ರೇಗಿದ. ಹುಲುಗಪ್ಪ ನನ್ನ ಕಿವಿಯ ಹತ್ತಿರ ಬಂದು, “ಹೊಟ್ಟಿ ನೋವಂತ ಹೇಳಿ ನಾಕು ರೊಟ್ಟಿ ತಿಂದಿ. ಏನು ನಡಿಸೀಯೋ?” ಎಂದು ಕೇಳಿದ. ಹೇಳಲಿಲ್ಲ. ಆಗದಿದ್ದರೆ ಅವನ ಎದೆ ಎರಡು ಸಲ ಒಡೆಯುವುದು ನನಗೆ ಬೇಡವಾಗಿತ್ತು.

ಇಷ್ಟೆಲ್ಲ ಮಾಡಿದರೂ ಹೊಳೆಯ ದಂಡೆಗೆ ಬಂದಾಗ ಸೂರ್ಯ ಇನ್ನೂ ಒಂದಾಳು ಎತ್ತರದಲ್ಲಿ ಆರಾಮಾಗಿ ನಿಂತಿದ್ದ. ಆಚೆ ದಂಡೆಯಲ್ಲಿ ಕೋಟೆಯ ಬಾಗಿಲು ಕಾಣುತ್ತಿತ್ತು. ನಾನು ಎಲ್ಲ ದೇವರನ್ನೂ ನೆನೆದೆ. ಜೀಪಿನ ದಾರಿ ಅಲ್ಲಿಗೆ ಮುಗಿಯುತ್ತದೆ, ಮುಂದೆ ಹರಿಗೋಲಿನಲ್ಲಿ ದಾಟಬೇಕು. ಹರಿಗೋಲು ಮರಳಿನ ಮೇಲೆ ಬೋರಲು ಬಿದ್ದಿತ್ತು. ಮರಿಸ್ವಾಮಿ ಬಾಯಿಗೆ ಕೈ ಅಡ್ಡ ಹಿಡಿದು, “ಏ ಅಂಬಿಗಾ! ಅಂಬಿಗ ಎಲ್ಲಯ್ಯಾ?” ಎಂದು ಕೂಗಿದ.

“ಇಲ್ಲೇ ಅದೀನ್ರಿ,” ಎಂದ ಹುಲುಗಪ್ಪ, ನನ್ನ ಪಕ್ಕದಿಂದ.

ಮರಿಸ್ವಾಮಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ದೋಣಿಘಟ್ಟಕ್ಕೆ ಹುಲುಗಪ್ಪನೊಬ್ಬನೇ ಅಂಬಿಗ, ಅವನನ್ನು ಹಿಡಿದ ಮೇಲೆ ದೋಣಿ ಹಾಕುವವರೇ ಇರಲಿಲ್ಲ. ಕೋಟೆಯವರು ಬಹುಶಃ ಎಂದಿನಂತೆ ಯಾರೋ ದಾಟಿಸುತ್ತಾರೆ ಎಂದುಕೊಂಡಿದ್ದರು. “ಹಾಗಾದ್ರೆ ನೀನೇ ದಾಟ್ಸು” ಅಂದ ಮರಿಸ್ವಾಮಿ. ಹುಲುಗಪ್ಪ ಬೇಡಿ ಎತ್ತಿ ತೋರಿಸಿ, “ಕೈ ಬಿಡಸ್ರಿ, ದಾಟಸ್ತೀನಿ. ಒಂದ ಕೈಲೆ ಹುಟ್ಟು ಹಾಕಿದ್ರ ಬುಗರಿಗತೆ ತಿರುಗಿ ಇಲ್ಲೇ ಬರ್ತೇವಿ” ಎಂದು ಸತ್ಯವನ್ನೇ ಹೇಳಿದ. ಕೀಲಿ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಆದರೂ ಮರಿಸ್ವಾಮಿ ಹಟ ಬಿಡದೆ ನಮ್ಮನ್ನು ಹತ್ತಿಸಿ ತಾನೇ ಹುಟ್ಟು ಹಿಡಿದ. ನಾವು ದಂಡೆಯ ಹತ್ತಿರವೇ ಗಿರಗಿರ ತಿರುಗಿದೆವು. ಕೋಟೆ ಒಮ್ಮೆ ಎಡಕ್ಕೆ ಕಂಡಿತು, ಒಮ್ಮೆ ಬಲಕ್ಕೆ ಕಂಡಿತು. ಹೊಳೆಯಲ್ಲಿ ಇಷ್ಟು ಸಂತೋಷ ನಾನು ಜನ್ಮದಲ್ಲಿ ಪಟ್ಟಿರಲಿಲ್ಲ.

ಗದ್ದಲ ಕೇಳಿ ದಂಡೆಯ ಮೇಲಿನ ಗುಡಿಸಲಿನಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಕೈ ತುಂಬ ಹಿಟ್ಟು. ನೀಲವ್ವ ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ, ಬೇಡಿಯ ಆ ಕಡೆಯ ಕೈ ನನ್ನ ಬಲಗೈಯನ್ನು ಒಮ್ಮೆಲೇ ದಂಡೆಯ ಕಡೆಗೆ ಎಳೆಯಿತು. ಹುಲುಗಪ್ಪ ಮೊಣಕಾಲುದ್ದ ನೀರಿಗೆ ಹಾರಿದ, ನಾನೂ ಹಾರಿದೆ.

“ಬಂದೆ ನೋಡು,” ಅಂದ ಅವನು.

“ಇದೇನು ಬರೂ ರೀತಿಯೇನು? ಯಾರದೋ ಕೈ ಹಿಡ್ಕೊಂಡು?” ಎಂದು ಅವಳು ಬೈದಳು. ಬೈಯುತ್ತಲೇ ಹಿಟ್ಟಿನ ಕೈಯಿಂದ ಅವನ ಮುಖ ಸವರಿದಳು. ಅವನ ಗಡ್ಡವೆಲ್ಲ ಬಿಳಿಯಾಯಿತು. ಕಾವಲುಗಾರನಾದವನು ಇಂಥ ಹೊತ್ತಿನಲ್ಲಿ ಬೇರೆ ಕಡೆ ನೋಡಬೇಕು, ಆದರೆ ಒಂದು ಮೊಳದ ಬೇಡಿಯಲ್ಲಿ ಎಲ್ಲಿಗೆಂದು ಹೋಗಲಿ, ನಾನೂ ಅಲ್ಲೇ ನಿಂತು ಅತ್ತೆ.

ಅಷ್ಟರಲ್ಲಿ ಹೊತ್ತು ಮುಳುಗಿತು. ನನ್ನ ಕಾಲು ತಿರುಗಿತು.

ಮರಿಸ್ವಾಮಿ ಅಡ್ಡ ನಿಂತು ನೋಡಿದ, ಸೊಂಟ ಹಿಡಿದು ಎಳೆದು ನೋಡಿದ. ನಾನು ಅವನನ್ನೂ ಸ್ವಲ್ಪ ದೂರ ಎಳೆದುಕೊಂಡು ಹೋದೆ. ಕೊನೆಗೆ ಅವನು ಹೆದರಿ ಜೀಪು ಹತ್ತಿ ಕ್ಯಾಪ್ಟನ್ನರ ಬಳಿಗೆ ಓಡಿದ. ನಾವು ಗುಡ್ಡದ ಅಡ್ಡದಾರಿ ಹಿಡಿದೆವು. ಮುಂದೆ ನಾನು, ಪಕ್ಕಕ್ಕೆ ಹುಲುಗಪ್ಪ, ಹಿಂದೆ ಒಲೆ ಆರಿಸಿ ಬಾಗಿಲು ಮುಂದಕ್ಕೆಳೆದು ಬಂದ ನೀಲವ್ವ. “ಎಲ್ಲಿಗಿ ಕರಕೊಂಡು ಹೊಂಟೀಯೋ ಯಪ್ಪಾ?” ಎಂದು ಅವಳು ಕೇಳಿದಾಗ ಊರಿನ ನೇಮವನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಗಂಡನ ಹಾಗಲ್ಲ, ಬಹಳ ಪ್ರಶ್ನೆ ಕೇಳುವವಳು. ಹೊಸ್ತಿಲು ಯಾರದಾದರೂ ನಡೆಯುತ್ತದೆಯೇ, ಬಾಡಿಗೆ ಮನೆಯಾದರೆ ಹೇಗೆ, ಒಳಗೆ ಕುಳಿತವರು ಊರಿನವರೇ ಆಗಿರಬೇಕೇ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ಹುಲುಗಪ್ಪ ಗುಡ್ಡ ಇಳಿಯುವಾಗ ನನ್ನ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟ.

ಬೆಳಕು ಹರಿಯುವಾಗ ನಮ್ಮ ಮನೆಗೆ ಬಂದೆವು. ಕ್ಯಾಪ್ಟನ್ನರು ಆಗಲೇ ಕಟ್ಟೆಯ ಮೇಲೆ ಕುಳಿತಿದ್ದರು, ಕೈಯಲ್ಲಿ ಅವ್ವ ಕೊಟ್ಟ ಚಹ. ನನ್ನ ಕಾಲು ಹೊಸ್ತಿಲು ಮುಟ್ಟಿ ನಿಂತಿತು. ಅವರು ನನಗೆ “ನಿನ್ನ ವಿಚಾರ ಆಮೇಲೆ” ಎಂದಷ್ಟೇ ಹೇಳಿ, ಜೇಬಿನಿಂದ ಕೀಲಿ ತೆಗೆದು ಬೇಡಿ ಬಿಡಿಸಿದರು. “ಇವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ದಾಟಿಸಲು ಬೇರೆ ಅಂಬಿಗನ ವ್ಯವಸ್ಥೆಯೂ ಮಾಡಿದ್ದೇನೆ. ಈಗಲೇ ಹೊರಟರೆ ಮಧ್ಯಾಹ್ನಕ್ಕೆ ಕೋಟೆ.”

ಕೈ ಹಗುರಾಯಿತು, ಎದೆ ಭಾರವಾಯಿತು. ನನ್ನ ಉಪಾಯ ಅಲ್ಲಿಗೆ ಮುಗಿದಿತ್ತು. ಒಂದು ರಾತ್ರಿ ಗಳಿಸಿಕೊಟ್ಟೆನಷ್ಟೇ ಅಂದುಕೊಂಡೆ.

ನೀಲವ್ವ ನನ್ನನ್ನು ಪಕ್ಕಕ್ಕೆ ಸರಿಸಿ ನಮ್ಮ ಮನೆಯ ಒಳಗೆ ಹೋದಳು. ಹೊಸ್ತಿಲ ಒಳಬದಿಗೆ, ಬಾಗಿಲ ನಡುವೆ, ಕಾಲು ಚಾಚಿ ಕುಳಿತಳು. ಅವ್ವ ಅವಳನ್ನು ನೋಡಿ ಬೆನ್ನಿಗೆ ಒಂದು ದಿಂಬು ಕೊಟ್ಟಳು.

“ಅವತ್ತಿನ ಮಾತು ತೀರಿತು, ನೀ ಬಂದಿ,” ಎಂದಳು ನೀಲವ್ವ ಗಂಡನಿಗೆ. “ಇವತ್ತು ಮತ್ತ ಹೊಂಟೀದಿ. ಹೇಳಿ ಹೋಗು. ನಾ ಇಲ್ಲೇ ಕುಂತಿರ್ತೀನಿ.”

ಕ್ಯಾಪ್ಟನ್ನರು ಚಹದ ಲೋಟ ಬಿಟ್ಟು ಎದ್ದರು. ಅವರ ಕೈ ಹುಲುಗಪ್ಪನ ಬಾಯಿಯ ತನಕ ಬಂದಿತ್ತು.

“ಹೋಗಿ ಬರ್ತೀನಿ, ನೀಲಾ,” ಎಂದ ಹುಲುಗಪ್ಪ. ಇಡೀ ಓಣಿಗೆ ಕೇಳುವ ಹಾಗೆ ಹೇಳಿದ.

“ಹೂಂ. ಬಾ,” ಎಂದಳು ಅವಳು.

ಕ್ಯಾಪ್ಟನ್ನರು ಹೊಳೆಯ ದಿಕ್ಕಿಗೆ ನೋಡಿದರು. ಕೋಟೆಯ ಬಾಗಿಲು ಎಷ್ಟು ದೊಡ್ಡದು, ಅದನ್ನು ಕೊರಳಿಗೆ ಹಾಕಿಕೊಂಡು ಒಬ್ಬ ಅಂಬಿಗ ಹೊಳೆ ದಾಟಿ ಬಂದರೆ ಮೇಲಿನವರಿಗೆ ತಾವು ಏನೆಂದು ಉತ್ತರ ಹೇಳಬೇಕು ಎಂದು ಅವರು ಯೋಚಿಸುತ್ತಿದ್ದರೆಂದು ನನ್ನ ನಂಬಿಕೆ. ರೈಲಿನ ಚಿಲಕ ಹಿಡಿದು ಬಂದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು. “ಜೀಪು ಬೇಡ. ಕೊಠಾರಕ್ಕೆ ನಡೆಯಿರಿ,” ಅಂದರು. ಈ ಕೈದಿ ಸಾಗಿಸಲು ಯೋಗ್ಯನಲ್ಲ ಎಂದು ಕೋಟೆಗೆ ಅವರೇ ವೈರ್‌ಲೆಸ್ಸಿನಲ್ಲಿ ತಿಳಿಸಿದರು. ಕಾರಣ ಕೇಳಿದ್ದಕ್ಕೆ ಕಾಲಿನ ತೊಂದರೆ ಅಂದರಂತೆ.

ಅಂದು ಸಂಜೆ ಬಾಗಿಲ ಕಾವಲು ನನ್ನದು. ಹೊತ್ತು ಮುಳುಗುತ್ತಿದ್ದ ಹಾಗೆ ಗಿರಣಿಯವನು ಬಂದ, ಮಗ್ಗಿಯವನು ಬಂದ, ಗಡ್ಡ ಹೆರೆಯುವವನು ಬಂದ, ಒಬ್ಬರ ಹಿಂದೆ ಒಬ್ಬರು ಒಳಗೆ ಬರುತ್ತಿದ್ದರು. ಒಳಗಿನಿಂದ ಹುಲುಗಪ್ಪ ಎದ್ದು, ಅವರ ನಡುವೆ ದಾರಿ ಮಾಡಿಕೊಂಡು, ನೀಲವ್ವ ಕುಳಿತಿದ್ದ ನಮ್ಮ ಹೊಸ್ತಿಲಿನ ಕಡೆಗೆ ಎಲ್ಲರ ಎದುರಿಗೆ ಹೊರಗಡೆ ನಡೆದು ಬರುತ್ತಿದ್ದ. ಕ್ಯಾಪ್ಟನ್ನರು ತಮ್ಮ ಕಿಟಕಿಯಲ್ಲಿ ನಿಂತು ನೋಡಿದರು, ನೋಡಿ ಕಿಟಕಿ ಮುಚ್ಚಿಕೊಂಡರು. ನಾನು ಕಬ್ಬಿಣದ ಬಾಗಿಲನ್ನು ಪೂರ್ತಿ ತೆಗೆದು ಪಕ್ಕಕ್ಕೆ ನಿಂತೆ.